ಅತ್ತೆಯ ಹೆಸರಿಗೊಂದು ವರ್ಕ್ ಆರ್ಡರ್

ಸುಳ್ಳು ಹೇಳುವುದು ದೊಡ್ಡ ಕೆಲಸವೇನಲ್ಲ. ಹೇಳಿದ ಸುಳ್ಳಿಗೆ ಅನ್ನ ಬಟ್ಟೆ ಕೊಟ್ಟು ಸಾಕುವುದಿದೆಯಲ್ಲ, ಅದು ಕಷ್ಟ. ಸಾಬೂನು ಕಾರ್ಖಾನೆಯ ದುರಸ್ತಿ ವಿಭಾಗದ ಸೂಪರ್‌ವೈಸರ್‌ಗೆ ಈ ಸಂಗತಿ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಆದರೆ ಗೊತ್ತಿರುವುದೆಲ್ಲ ಬಾಯಿ ತೆರೆಯುವ ಮುಂಚೆಯೇ ನೆನಪಾಗುವುದಾದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅವನನ್ನು ಕಾರ್ಖಾನೆಯವರೆಲ್ಲ ಪಕ್ಕಣ್ಣ ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ "ಪಕ್ಕಾ!" ಎಂದು ಎದೆ ತಟ್ಟಿ ಉತ್ತರ ಕೊಡುತ್ತಿದ್ದುದೇ ಅದಕ್ಕೆ ಕಾರಣ. "ನಾಳೆ ಮೆಷಿನ್ ರೆಡಿ ಆಗುತ್ತಾ?" ಎಂದರೆ "ಪಕ್ಕಾ." "ಹೋದ ವಾರವೂ ಪಕ್ಕಾ ಅಂದಿದ್ರಲ್ಲ?" ಎಂದರೆ "ಅದೂ ಪಕ್ಕಾನೇ." ಇಂಥ ಮನುಷ್ಯನ ಜೊತೆ ವಾದಕ್ಕೆ ನಿಲ್ಲುವುದು ಯಾರಿಗೂ ಸಾಧ್ಯವಿರಲಿಲ್ಲ.

ಆ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ದೂರು ಕೊಡುವ ಕ್ರಮವೊಂದಿತ್ತು. ದುರಸ್ತಿ ಕೋಣೆಯ ಹೊರಗೆ ಒಂದು ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹೋಗಬೇಕು. ಹಲಗೆಯ ಪಕ್ಕದಲ್ಲೇ ಕುಡಿಯುವ ನೀರಿನ ಡ್ರಮ್ಮು. ನೀರು ಕುಡಿಯಲು ಬಂದವರು ಹಲಗೆಗೆ ಒರಗಿ ನಿಂತು ನಾಲ್ಕು ಮಾತಾಡಿ ಹೋಗುವಷ್ಟರಲ್ಲಿ ದೂರುಗಳೆಲ್ಲ ಅವರ ಅಂಗಿಯ ಬೆನ್ನಿಗೆ ಅಂಟಿಕೊಂಡು ಮನೆ ಸೇರುತ್ತಿದ್ದವು. ಅಳಿಸಿಹೋದ ದೂರನ್ನು ಪಕ್ಕಣ್ಣ ಮುಗಿದ ಕೆಲಸವೆಂದೇ ಹಿಡಿಯುತ್ತಿದ್ದ. ಹೀಗಾಗಿ ಅವನ ವಿಭಾಗದಲ್ಲಿ ಬಾಕಿ ಕೆಲಸ ಎಂಬುದು ಯಾವಾಗಲೂ ಕಡಿಮೆಯೇ.

ಈ ಕ್ರಮ ಇನ್ನೂ ಎಷ್ಟು ವರ್ಷ ನಡೆಯುತ್ತಿತ್ತೋ ಏನೋ. ಆದರೆ ಸೋಪಿನ ಮೇಲೆ ಹೆಸರು ಒತ್ತುವ ಯಂತ್ರ ಕೆಟ್ಟ ದೂರು ಒಬ್ಬ ಡ್ರೈವರನ ಬೆನ್ನಿಗೆ ಅಂಟಿ ಹೋಗಿ, ಒಂದು ಲಾರಿ ಸೋಪು ಹೆಸರೇ ಇಲ್ಲದೆ ಪೇಟೆಗೆ ಹೋಯಿತು. ಅಂಗಡಿಯವರು ಬೆಣ್ಣೆಯೋ ಮೇಣವೋ ಎಂದು ಫೋನ್ ಮಾಡಿ ಕೇಳತೊಡಗಿದರು. ದೊಡ್ಡ ಸಾಹೇಬರು ಮೀಟಿಂಗ್ ಕರೆದರು.

"ದುರಸ್ತಿ ವಿಭಾಗಕ್ಕೆ ಕಂಪ್ಯೂಟರ್ ಸಿಸ್ಟಮ್ ತರೋಣ. ಯಾವ ಯಂತ್ರ ಯಾವಾಗ ಕೆಡ್ತು, ಯಾರು ನೋಡಿದ್ರು, ಮುಂದೆ ಯಾವಾಗ ನೋಡ್ಬೇಕು, ಎಲ್ಲ ಅದರಲ್ಲಿರಲಿ. ಇಂಥದ್ದನ್ನ ಬಳಸಿ ಗೊತ್ತಿರೋರು ಯಾರಾದ್ರೂ ಇದೀರಾ?" ಎಂದು ಸಾಹೇಬರು ಕೇಳಿದರು.

ಅಕೌಂಟೆಂಟ್ ಗಂಟಲು ಸರಿಮಾಡಿಕೊಂಡ. ಪಕ್ಕಣ್ಣನ ಕಿವಿ ನೆಟ್ಟಗಾಯಿತು. ದುರಸ್ತಿ ವಿಭಾಗದ ಮ್ಯಾನೇಜರ್ ನಿವೃತ್ತರಾದ ಮೇಲೆ ಆ ಕುರ್ಚಿ ಖಾಲಿ ಬಿದ್ದಿತ್ತು. ಪಕ್ಕಣ್ಣ ದಿನಾ ಅದರ ಧೂಳು ತಾನೇ ಒರೆಸುತ್ತಿದ್ದ. ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅಕೌಂಟೆಂಟ್ ತನ್ನ ಭಾವಮೈದನನ್ನು ತಂದು ಅಲ್ಲಿ ಕೂರಿಸಲು ಹೊಂಚು ಹಾಕುತ್ತಿದ್ದುದು ಊರಿಗೆಲ್ಲ ಗೊತ್ತಿತ್ತು. ಈಗ ಈ ಪುಣ್ಯಾತ್ಮ ಬಾಯಿ ತೆರೆದರೆ "ನಮ್ಮ ಭಾವಮೈದನಿಗೆ ಗೊತ್ತು ಸಾರ್" ಎಂದೇ ಶುರುಮಾಡುವುದು. ಪಕ್ಕಣ್ಣ ತಡಮಾಡಲಿಲ್ಲ.

"ನನಗೆ ಗೊತ್ತು ಸಾರ್. ನಮ್ಮನೇಲೇ ಇದೆ."

"ಮನೇಲಾ?"

"ಹೌದು ಸಾರ್. ಫ್ಯಾನು, ನಲ್ಲಿ, ಪಂಪು, ಬಾಗಿಲು, ಎಲ್ಲ ಸಿಸ್ಟಮ್ಮಲ್ಲೇ ನಡೆಯೋದು. ವರ್ಷಗಟ್ಟಲೆ ಆಯ್ತು. ಪಕ್ಕಾ."

ದೊಡ್ಡ ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿದರು. ಹತ್ತಾರು ವರ್ಷ ನೌಕರಿ ಮಾಡಿದವನನ್ನು ಅವರು ಕನ್ನಡಕ ತೆಗೆದು ನೋಡಿದ್ದು ಅದೇ ಮೊದಲು. "ಹಾಗಿದ್ರೆ ಆರಿಸೋ ಕೆಲಸ ನಿಮ್ಮದೇ. ಎರಡು ಕಂಪನಿಯವರು ಬರ್ತಾರೆ. ಎರಡನ್ನೂ ಪರೀಕ್ಷೆ ಮಾಡಿ, ಯಾವುದು ನಮಗೆ ಸರಿ ಹೇಳಿ. ಸರಿಯಾಗಿ ಆರಿಸಿದ್ರೆ ಆ ಖಾಲಿ ಕುರ್ಚಿ ವಿಷಯಾನೂ ಮಾತಾಡೋಣ. ಭಾನುವಾರ ನಾನೇ ನಿಮ್ಮನೆಗೆ ಬಂದು ಆ ಸಿಸ್ಟಮ್ ನೋಡ್ತೀನಿ."

"ನಾನೂ ಬರ್ತೀನಿ ಸಾರ್" ಎಂದ ಅಕೌಂಟೆಂಟ್, ಹಾಲು ಕಂಡ ಬೆಕ್ಕಿನ ಹಾಗೆ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎಂಬ ಗಾದೆ ಹುಟ್ಟಿದ್ದು ಪಕ್ಕಣ್ಣನ ಮನೆಯಲ್ಲೇ ಇರಬೇಕು. ಬಚ್ಚಲ ನಲ್ಲಿ ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ಮುಂಬಾಗಿಲನ್ನು ಸ್ವಲ್ಪ ಎತ್ತಿ, ಭುಜ ಕೊಟ್ಟು, ಮೊಣಕಾಲಿನಿಂದ ಒದ್ದರೆ ಮಾತ್ರ ತೆಗೆಯಲು ಬರುತ್ತಿತ್ತು. ಹಾಲಿನ ಫ್ಯಾನು ಸ್ವಿಚ್ಚಿಗೆ ಬಗ್ಗುತ್ತಿರಲಿಲ್ಲ. ಪೊರಕೆಯ ಹಿಡಿಯಿಂದ ಒಂದು ಸಲ ತಿರುಗಿಸಿಬಿಟ್ಟರೆ ಆಮೇಲೆ ತಾನೇ ತಿರುಗುತ್ತಿತ್ತು. ಹೆಂಡತಿ ಎಷ್ಟು ಸಲ ಹೇಳಿದರೂ ಬರುತ್ತಿದ್ದ ಉತ್ತರ ಒಂದೇ, "ನಾಳೆ, ಪಕ್ಕಾ." ಹೆಂಡತಿ ಹೇಳುವುದನ್ನೇ ಬಿಟ್ಟಿದ್ದಳು. ಅವಳ ತಾಯಿ ಮಾತ್ರ ಬಿಟ್ಟಿರಲಿಲ್ಲ.

ಅತ್ತೆ ಬಂದಿದ್ದು ನಾಲ್ಕು ದಿನ ಇದ್ದು ಹೋಗೋಣವೆಂದು. ಆ ನಾಲ್ಕು ದಿನ ಮುಗಿಯುವ ಲಕ್ಷಣ ಕಾಣದೆ ಒಂದು ವರ್ಷವಾಗಿತ್ತು. ಹಾಲಿನ ಕಿಟಕಿಯ ಪಕ್ಕದ ಕುರ್ಚಿ ಅವರದು. ಅಲ್ಲಿ ಕೂತು ಬೀದಿಯನ್ನೂ ಮನೆಯನ್ನೂ ಒಟ್ಟಿಗೆ ನೋಡಿಕೊಳ್ಳುತ್ತಿದ್ದರು.

"ಅತ್ತೆ, ನಾನು ಮ್ಯಾನೇಜರ್ ಆಗ್ತಿದೀನಿ. ಪಕ್ಕಾ" ಎಂದ ಪಕ್ಕಣ್ಣ, ಬಾಗಿಲಿನ ಜೊತೆ ಗುದ್ದಾಡಿ ಒಳಗೆ ಬಂದು ಭುಜ ಉಜ್ಜಿಕೊಳ್ಳುತ್ತಾ.

"ಯಾವುದಕ್ಕೆ ಅಳಿಯಂದ್ರೇ?"

"ದುರಸ್ತಿ ವಿಭಾಗಕ್ಕೆ."

ಅತ್ತೆ ಫ್ಯಾನಿನ ಕಡೆ ನೋಡಿದರು. ಬಾಗಿಲಿನ ಕಡೆ ನೋಡಿದರು. ಕೊನೆಗೆ ಅಳಿಯನ ಕಡೆ ನೋಡಿ, "ನಿಮ್ಮ ಸಾಹೇಬ್ರು ಯಾವತ್ತಾದ್ರೂ ನಮ್ಮನೆ ಬಾಗಿಲು ತೆಗೆದು ನೋಡಿದಾರಾ?" ಎಂದರು.

"ಭಾನುವಾರ ಬರ್ತಾರೆ."

"ಹಾಗಾದ್ರೆ ಭಾನುವಾರದ ತನಕ ಮ್ಯಾನೇಜರ್ ಅಂತ ಇಟ್ಕೊಳ್ಳೋಣ" ಎಂದು ಅತ್ತೆ ಮತ್ತೆ ಬೀದಿಯ ಕಡೆ ತಿರುಗಿದರು.

ಮಾರನೆಯ ದಿನ ಮೊದಲ ಕಂಪನಿಯವನು ಬಂದ. ಟೈ ಕಟ್ಟಿದ್ದ. ಗೋಡೆಯ ಮೇಲೆ ಬಣ್ಣ ಬಣ್ಣದ ಚಿತ್ರ ಬಿಟ್ಟ. ಚಿತ್ರಗಳು ತಿರುಗಿದವು, ಉಬ್ಬಿದವು, ಕುಗ್ಗಿದವು. ಅವನ ಸಿಸ್ಟಮ್ಮಿನಲ್ಲಿ ಇಲ್ಲದ್ದೇ ಇರಲಿಲ್ಲ.

"ಬೆಲ್ಟ್ ತುಂಡಾದ್ರೆ ಏನ್ರೀ ಮಾಡುತ್ತೆ ಇದು?" ಎಂದ ಪಕ್ಕಣ್ಣ, ಪರಿಣತನ ಠೀವಿಯಲ್ಲಿ.

"ಅದಕ್ಕೂ ಗ್ರಾಫ್ ಬರುತ್ತೆ ಸಾರ್."

"ಬೆಲ್ಟ್ ಬರುತ್ತಾ?"

"ಬೆಲ್ಟ್ ಬಂತಾ ಇಲ್ವಾ ಅನ್ನೋದರ ಗ್ರಾಫ್ ಬರುತ್ತೆ ಸಾರ್."

ಅಕೌಂಟೆಂಟ್‌ಗೆ ಇದು ಬಹಳ ಹಿಡಿಸಿತು. ಕೆಲಸ ಮುಗಿಯಿತು ಎಂದು ಹೇಳುವವರು ಯಾರು ಎಂದು ಕೇಳಿದ್ದಕ್ಕೆ ಟೈನವನು, "ರಿಪೇರಿ ಮಾಡಿದವರೇ ಒತ್ತಿಬಿಡಬಹುದು ಸಾರ್, ಬಹಳ ಸುಲಭ" ಎಂದ. ಪಕ್ಕಣ್ಣನಿಗೂ ಹಿಡಿಸಿತು. ನೀರಿನ ಡ್ರಮ್ಮಿನ ಪಕ್ಕದ ಹಲಗೆಯಷ್ಟೇ ಸುಲಭ.

ಎರಡನೆಯ ಕಂಪನಿಯಿಂದ ಬಂದವರು ನಡುವಯಸ್ಸಿನ ಮೇಡಮ್. ಅವರು ಗೋಡೆಯ ಮೇಲೆ ಏನನ್ನೂ ಬಿಡಲಿಲ್ಲ. "ಇದನ್ನ ದಿನಾ ಮುಟ್ಟೋರು ಯಾರು? ಅವರನ್ನ ಕರೀರಿ" ಎಂದರು. ಹೆಡ್ ಫಿಟ್ಟರ್ ಮೇಸ್ತ್ರಿ ಬಂದ. ಕೈತುಂಬ ಗ್ರೀಸು. ಮೇಡಮ್ ತಮ್ಮ ಫೋನನ್ನು ಆ ಗ್ರೀಸಿನ ಕೈಗೇ ಕೊಟ್ಟರು. ಮೇಸ್ತ್ರಿ ಆನೆಯಂಥ ಆಳು, ಮಾತು ಕಡಿಮೆ. ಅವನದೊಂದು ನಿಯಮವಿತ್ತು: ಬಾಯಲ್ಲಿ ಹೇಳಿದ ಕೆಲಸ ಮಾಡುವುದಿಲ್ಲ, ಬರೆದು ಕೊಟ್ಟಿದ್ದನ್ನು ಬಿಡುವುದಿಲ್ಲ. ಒಂದು ಸಲ ಯಾರೋ ಹಲಗೆಯ ಮೇಲೆ ತಮಾಷೆಗೆ "ಗೇಟಿಗೆ ಎರಡು ಕೋಟು ಬಣ್ಣ" ಎಂದು ಗೀಚಿದ್ದಕ್ಕೆ, ಕಾವಲುಗಾರ ಗೇಟಿಗೆ ಒರಗಿ ನಿಂತಿದ್ದಾಗಲೇ ಬಣ್ಣ ಬಳಿದು ಮುಗಿಸಿದ್ದ.

ಮೇಡಮ್ ತಮ್ಮ ಸಿಸ್ಟಮ್ಮಿನ ಗುಣಗಳನ್ನು ಒಂದೊಂದಾಗಿ ಹೇಳಿದರು. ಒಮ್ಮೆ ಸೇರಿಸಿದ್ದನ್ನು ಅಳಿಸಲು ಬರುವುದಿಲ್ಲ. ಕೆಲಸ ಬಾಕಿ ಉಳಿದರೆ ಅದು ಸುಮ್ಮನಿರುವುದಿಲ್ಲ. ಫಿಟ್ಟರ್‌ನಿಂದ ಸೂಪರ್‌ವೈಸರ್‌ಗೆ, ಅಲ್ಲಿಂದ ದೊಡ್ಡ ಸಾಹೇಬರಿಗೆ ಮೇಲೇರುತ್ತ ಹೋಗುತ್ತದೆ. ಇನ್ನು, ರಿಪೇರಿ ಮಾಡಿದವನು ಮುಗಿಯಿತು ಎಂದರೆ ಮುಗಿಯುವುದಿಲ್ಲ. ತೊಂದರೆ ಪಟ್ಟವರು "ಸರಿಯಾಗಿದೆ" ಎಂದು ಒತ್ತಿದರೆ ಮಾತ್ರ ಮುಗಿಯುವುದು. ಪರೀಕ್ಷೆಗೆಂದು ಎಲ್ಲ ಫಿಟ್ಟರ್‌ಗಳ ಫೋನಿಗೂ ಸಾಹೇಬರ ಫೋನಿಗೂ ಈಗಲೇ ಜೋಡಿಸಿದ್ದಾಗಿದೆ.

ಇಷ್ಟಕ್ಕೂ ಪಕ್ಕಣ್ಣ ಗಂಭೀರವಾಗಿ ತಲೆಯಾಡಿಸಿದ. ಒಂದು ಮಾತೂ ಕಿವಿಗೆ ಬಿದ್ದಿರಲಿಲ್ಲ. ಅವನ ತಲೆಯ ತುಂಬ ಭಾನುವಾರವೇ ಇತ್ತು.

"ಮೇಡಮ್, ಇದರಲ್ಲಿ... ಮನೆ ಸೇರಿಸಬಹುದಾ?"

"ಏನು ಬೇಕಾದ್ರೂ ಸೇರಿಸಬಹುದು ಸಾರ್."

ಆ ಸಂಜೆ ಪಕ್ಕಣ್ಣ ಫೋನ್ ಹಿಡಿದು ಮನೆಯೆಲ್ಲ ಓಡಾಡಿದ. ಫ್ಯಾನು ಸೇರಿಸಿದ. ನಲ್ಲಿ, ಬಾಗಿಲು, ಪಂಪು, ಕುಂಟುವ ಮೇಜು. ಇರುವ ಜಾಗದ ಮುಂದೆ ಮನೆಯ ವಿಳಾಸ, ದೋಷದ ಮುಂದೆ ದೋಷ. ಆಶ್ಚರ್ಯವೆಂದರೆ ಕೆಲಸ ಅವನಿಗೆ ಖುಷಿ ಕೊಟ್ಟಿತು. ತನ್ನ ಮನೆಯಲ್ಲಿ ಇಷ್ಟೊಂದು ಕೆಟ್ಟಿದೆಯೆಂಬ ಹೆಮ್ಮೆ ಅವನ ಮುಖದಲ್ಲಿ ಕಾಣುತ್ತಿತ್ತು.

"ಏನು ಅಳಿಯಂದ್ರೇ, ಫೋನ್ ಹಿಡ್ಕೊಂಡು ನಲ್ಲಿಗೆ ನಮಸ್ಕಾರ ಮಾಡ್ತಿದೀರಿ? ಅದರ ಬದಲು ಒಂದು ವಾಷರ್ ಹಾಕಿದ್ರೆ ಆಗ್ತಿತ್ತಲ್ಲ. ನಮ್ಮೋರಿದ್ದಾಗ ಮನೇಲಿ ಒಂದು ಬಾಗಿಲು ಕಿರ್ ಅಂದಿದ್ದಿಲ್ಲ. ಅವರು ಮ್ಯಾನೇಜರ್ರೂ ಆಗಿರಲಿಲ್ಲ" ಎಂದು ಅತ್ತೆ ಕುರ್ಚಿಯಿಂದಲೇ ಶುರುಮಾಡಿದರು.

ಪಕ್ಕಣ್ಣನಿಗೆ ರೇಗಿತು. ಬಾಯಲ್ಲಿ ಹೇಳುವ ಧೈರ್ಯವಿಲ್ಲದ್ದನ್ನು ಬೆರಳು ಟೈಪು ಮಾಡಿತು. ಹೆಸರು: ಅತ್ತೆ. ಮಾದರಿ: ಹಳೆಯದು. ಜಾಗ: ಹಾಲ್, ಕಿಟಕಿಯ ಪಕ್ಕ. ದೋಷ: ಬೆಳಿಗ್ಗೆ ಎದ್ದಾಗಿನಿಂದ ಶಬ್ದ. ಬದಲಿ ಸಿಗುವುದೇ ಎಂದು ಸಿಸ್ಟಮ್ ಕೇಳಿತು; ಇಲ್ಲ ಎಂದ. ನಿಂತುಹೋದರೆ ಏನಾಗುತ್ತದೆ ಎಂದು ಕೇಳಿತು. ಪಕ್ಕಣ್ಣ ಒಂದು ಗಳಿಗೆ ಯೋಚಿಸಿದ. ಹಾಲು ತರಿಸುವುದು, ಬಾಡಿಗೆ ನೆನಪಿಸುವುದು, ಇವನ ಕನ್ನಡಕ ಹುಡುಕಿಕೊಡುವುದು, ಎಲ್ಲ ಆ ಕುರ್ಚಿಯಿಂದಲೇ ನಡೆಯುತ್ತಿತ್ತು. ಸುಳ್ಳು ಬರೆಯಲು ಮನಸ್ಸಾಗದೆ "ಇಡೀ ಮನೆ ನಿಲ್ಲುತ್ತದೆ" ಎಂದು ಬರೆದ.

ತಮಾಷೆ ಸಾಕೆಂದು ಅಳಿಸಲು ಹೋದರೆ ಅಳಿಸುವ ಗುಂಡಿಯೇ ಇಲ್ಲ! ಸಿಸ್ಟಮ್ ಮೂರೇ ದಾರಿ ತೋರಿಸಿತು: ಚಾಲನೆಯಲ್ಲಿದೆ, ದುರಸ್ತಿಗೆ, ಗುಜರಿಗೆ. ಚಾಲನೆಯಲ್ಲಿದೆ ಎಂದು ಒತ್ತಿದರೆ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಭಾನುವಾರ ಸಾಹೇಬರ ಕಣ್ಣಿಗೇ ಬೀಳುತ್ತದೆ. ಗುಜರಿಯ ಮೇಲೆ ಬೆರಳು ಹೋಯಿತು. ಎಷ್ಟೆಂದರೂ ಹೆಂಡತಿಯ ಹೆತ್ತ ತಾಯಿ. ಬೆರಳು ವಾಪಸು ಬಂತು. ಕೊನೆಗೆ ಕಣ್ಣು ಮುಚ್ಚಿ "ದುರಸ್ತಿಗೆ" ಒತ್ತಿದ. ಅತ್ತೆ ಪರದೆಯಿಂದ ಮಾಯವಾದರು. ಪಕ್ಕಣ್ಣ ನೆಮ್ಮದಿಯಿಂದ ಊಟಕ್ಕೆ ಕೂತ. ಅತ್ತೆ ಹೋಗಿ ಕೂತದ್ದು ಮೇಸ್ತ್ರಿಯ ಫೋನಿನಲ್ಲಿ.

ಮರುದಿನ ಟೈನವನು ಎರಡನೆಯ ಸುತ್ತಿನ ಗ್ರಾಫು ತಂದಿದ್ದ. ದೊಡ್ಡ ಸಾಹೇಬರ ಪಕ್ಕದಲ್ಲೇ ಪಕ್ಕಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾಗ ಹೆಂಡತಿಯ ಫೋನ್ ಬಂತು.

"ರೀ, ನಿಮ್ಮ ಕಾರ್ಖಾನೆಯವರು ಗಾಡಿ ತಗೊಂಡು ಬಂದಿದಾರೆ. ಏನೋ ಆರ್ಡರ್ ಅಂತೆ, ಅದರಲ್ಲಿ..."

"ಮೀಟಿಂಗಲ್ಲಿದೀನಿ. ಆರ್ಡರಲ್ಲಿ ಏನು ಬರೆದಿದೆಯೋ ಹಾಗೇ ಮಾಡಲಿ" ಎಂದ ಪಕ್ಕಣ್ಣ, ಸಾಹೇಬರಿಗೆ ಕೇಳುವಷ್ಟು ಗಟ್ಟಿಯಾಗಿ.

"ರೀ, ಅಮ್ಮನ್ನ ಸರ್ವೀಸ್ ಮಾಡ್ಬೇಕು ಅಂತಿದಾರೆ."

"ಹೇಳಿದ್ನಲ್ಲ, ಬರೆದಿದ್ದಷ್ಟೂ ಮಾಡಿಸು" ಎಂದು ಫೋನ್ ಇಟ್ಟ. ಆಮೇಲೆ ಹೆಂಡತಿ ಆಡಿದ ಮಾತು ನಿಧಾನವಾಗಿ ಕಿವಿಯಿಂದ ತಲೆಗೆ ಇಳಿಯಿತು. ಕಾಲ ಮೇಲಿನ ಕಾಲು ತಾನಾಗಿಯೇ ಕೆಳಗೆ ಬಂತು. "ಸಾರ್, ಮನೆ ಸಿಸ್ಟಮ್ಮಲ್ಲಿ ಒಂದು ಅರ್ಜೆಂಟು" ಎಂದವನೇ ಓಡಿದ.

ಬೀದಿಯ ತುದಿಯಿಂದಲೇ ಜನ ಕಾಣಿಸಿದರು. ಮನೆಯ ಮುಂದೆ ಕಾರ್ಖಾನೆಯ ಗಾಡಿ. ಗೇಟಿಗೆ ಕೆಂಪು ಬಿಳಿ ಪಟ್ಟಿ ಸುತ್ತಿದ್ದಾರೆ. ಹೆಲ್ಮೆಟ್ಟಿನ ಫಿಟ್ಟರ್‌ಗಳು ಒಳಗೂ ಹೊರಗೂ ಓಡಾಡುತ್ತಿದ್ದಾರೆ. ಮಹಡಿಯ ಮೇಲಿದ್ದ ಮನೆ ಮಾಲೀಕರು ಬನಿಯನ್ನಿನಲ್ಲೇ ಇಳಿದು ಬಂದಿದ್ದರು.

"ಏನ್ರೀ ಇದು? ಕಾರ್ಖಾನೆಯವರು ನನ್ನ ಮನೆ ವಶಪಡಿಸ್ಕೊಳ್ತಿದಾರಾ? ಇದು ನಮ್ಮಪ್ಪ ಕಟ್ಟಿಸಿದ ಮನೆ! ಹೆಲ್ಮೆಟ್ ಹಾಕ್ಕೊಂಡು ಬಂದ್ರೆ ಹೆದರ್ತೀನಿ ಅಂದ್ಕೊಂಡ್ರಾ?"

"ವಶ ಅಲ್ಲ ಓನರೇ, ಗ್ಯಾಸ್ ಸೋರ್ತಿದೆಯಂತೆ" ಎಂದಳು ಎದುರುಮನೆಯಾಕೆ.

"ಗ್ಯಾಸಾದ್ರೆ ಅಜ್ಜೀನ ಯಾಕೆ ಮುಟ್ಟಬೇಡಿ ಅಂತಿದಾರೆ? ಅಜ್ಜಿಗೇ ಏನೋ ಅಂಟುರೋಗ" ಎಂದರು ಇನ್ನೊಬ್ಬರು. ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು.

ಪಕ್ಕಣ್ಣ ಪಟ್ಟಿಯ ಕೆಳಗೆ ನುಸುಳಿ, ಅಭ್ಯಾಸಬಲದಿಂದ ಬಾಗಿಲನ್ನು ಎತ್ತಿ, ಭುಜ ಕೊಟ್ಟು, ಮೊಣಕಾಲಿನಿಂದ ಒದ್ದ. ಬಾಗಿಲು ಆಗಲೇ ರಿಪೇರಿಯಾಗಿತ್ತು. ಬೆಣ್ಣೆಯಂತೆ ತೆರೆದುಕೊಂಡಿತು. ಅವನು ನೇರವಾಗಿ ಹೋಗಿ ಅತ್ತೆಯ ಪಾದದ ಬಳಿ ಬಿದ್ದ.

"ಏಳಿ, ಏಳಿ. ತಪ್ಪು ಮಾಡಿದ ಮೇಲೆ ಕಾಲಿಗೆ ಬೀಳೋದು ಎಲ್ಲರಿಗೂ ಬರುತ್ತೆ" ಎಂದರು ಅತ್ತೆ.

ಅವರ ಕುರ್ಚಿಯ ಕೈಗೆ ಕೆಂಪು ಚೀಟಿ ತೂಗುತ್ತಿತ್ತು: ದುರಸ್ತಿಯಲ್ಲಿದೆ. ಮುಟ್ಟಬೇಡಿ. ಕಾರ್ಖಾನೆಯಲ್ಲಿ ಕೈಹಾಕಿದ ಪ್ರತಿ ಯಂತ್ರಕ್ಕೂ ಆ ಚೀಟಿ ತೂಗಬೇಕು. ತೂಗಿಸಿದವನೇ ತೆಗೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಹಿಂದೊಮ್ಮೆ ಯಾರೋ ತೆಗೆದು ಯಂತ್ರ ಚಾಲೂ ಮಾಡಿದ್ದರಿಂದ ಮೇಸ್ತ್ರಿಯ ಅಂಗಿಯ ಒಂದು ತೋಳು ಸೋಪಿನ ಜೊತೆ ಪ್ಯಾಕಾಗಿ ಹೋಗಿತ್ತು. ಆವತ್ತಿನಿಂದ ಈ ವಿಷಯದಲ್ಲಿ ಅವನು ದೇವರ ಮಾತನ್ನೂ ಕೇಳುತ್ತಿರಲಿಲ್ಲ.

"ಮೇಸ್ತ್ರಿ! ಏನಯ್ಯಾ ಇದು? ತೆಗಿ ಅದನ್ನ!"

"ಕೆಲಸ ಮುಗಿದಿಲ್ಲ ಸಾರ್" ಎಂದ ಮೇಸ್ತ್ರಿ. ಅತ್ತೆಯ ಮುಂದೆ ನೆಲದ ಮೇಲೆ ಕೂತು, ಅವರ ಎಡಮಂಡಿಯ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದ. "ಇನ್ನೊಂದ್ಸಲ ಮಡಚಿ ತಾಯಿ. ಹಾಂ. ಶಬ್ದ ಇಲ್ಲೇ. ಆರ್ಡರಲ್ಲಿ ಬರೆದಿರೋದು ಸರಿಯಾಗಿದೆ ಸಾರ್. ಬೆಳಿಗ್ಗೆ ಎದ್ದಾಗ ಜಾಸ್ತಿಯಂತೆ. ಎಣ್ಣೆ ಕೇಳೋ ಜಾಯಿಂಟು. ಇದು ನಮ್ಮ ಕೈಲಾಗಲ್ಲ, ಹೊರಗಿನ ತಜ್ಞರನ್ನ ಕರೆಸ್ಬೇಕು. ಹಾಗಂತ ಬರೆದಿದೀನಿ."

"ಆರ್ಡರ್ ಪೂರ್ತಿ ಓದಿ ಹೇಳಿದಾರೆ ನನಗೆ" ಎಂದರು ಅತ್ತೆ. "ಹಳೇ ಮಾದರಿ ಅಂತ. ಶಬ್ದ ಅಂತ."

ಪಕ್ಕಣ್ಣ ಹೆಂಡತಿಯ ಮುಖ ನೋಡಿದ. ಅಲ್ಲಿ ಆಸರೆಯೇನೂ ಸಿಗಲಿಲ್ಲ.

"ನಾನು ನಿಂತ್ರೆ ಇಡೀ ಮನೆ ನಿಲ್ಲುತ್ತೆ ಅಂತಲೂ ಓದಿದ್ರು" ಎಂದು ಅತ್ತೆ ಸೆರಗು ಸರಿಮಾಡಿಕೊಂಡರು. "ಅಷ್ಟಾದ್ರೂ ನಿಮಗೆ ಗೊತ್ತಿದೆಯಲ್ಲ. ಇರಲಿ. ಒಂದು ವರ್ಷದಿಂದ ಈ ಮಂಡಿ ನೋಯ್ತಿದೆ. ಎಲ್ಲಿ ನೋವು, ಯಾವಾಗ ಜಾಸ್ತಿ ಅಂತ ಕೂತು ಕೇಳಿದ್ದು ಈ ಪುಣ್ಯಾತ್ಮ ಒಬ್ಬನೇ. ಅದಕ್ಕೂ ಮೇಲಿಂದ ಆರ್ಡರ್ ಬರಬೇಕಾಯ್ತು."

ಪಕ್ಕಣ್ಣನಿಗೆ ನಿಜವಾಗಿಯೂ ನಾಚಿಕೆಯಾಯಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣವೆಂದು ಹೆಂಡತಿ ಹೇಳಿದಾಗಲೆಲ್ಲ ತಾನು ಏನು ಉತ್ತರ ಕೊಟ್ಟಿದ್ದೆನೆಂದು ಅವನಿಗೆ ಚೆನ್ನಾಗಿ ನೆನಪಿತ್ತು.

ಮೇಸ್ತ್ರಿಯ ತಂಡ ನಲ್ಲಿ ನಿಲ್ಲಿಸಿ, ಫ್ಯಾನು ತಿರುಗಿಸಿ, ಮೇಜಿನ ಕುಂಟು ತೆಗೆದು ಹೊರಟುಹೋಯಿತು. ಕೆಂಪು ಚೀಟಿ ಮಾತ್ರ ಉಳಿಯಿತು. ಅತ್ತೆ ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ತರಕಾರಿ ಹೆಚ್ಚಿಕೊಡಿ ಎಂದರೆ "ದುರಸ್ತಿಯಲ್ಲಿದೀನಿ." ಟೀವಿ ಸಣ್ಣಗೆ ಮಾಡಿ ಎಂದರೆ "ಮುಟ್ಟಬೇಡಿ, ನೋಡಿ, ಬರೆದಿದೆ."

ಬಾಕಿ ಉಳಿದ ಕೆಲಸ ಮೇಡಮ್ ಹೇಳಿದ್ದ ಹಾಗೆಯೇ ಮೇಲೇರಿತು. ಮಾರನೆಯ ಬೆಳಿಗ್ಗೆ ದೊಡ್ಡ ಸಾಹೇಬರು ಹಲ್ಲುಜ್ಜುತ್ತಿದ್ದಾಗ ಅವರ ಫೋನ್ ಕೂಗಿತು: ಅತ್ತೆ. ದುರಸ್ತಿ ಬಾಕಿ. ನಿಂತರೆ ಇಡೀ ಮನೆ ನಿಲ್ಲುತ್ತದೆ. ಕೂಡಲೇ ಗಮನಿಸಿ.

ಅವರು ಭಾನುವಾರದ ತನಕ ಕಾಯಲಿಲ್ಲ. ಸಂಜೆ ಅಕೌಂಟೆಂಟ್‌ನನ್ನೂ ಮೇಡಮ್ಮನ್ನೂ ಕರೆದುಕೊಂಡು ಪಕ್ಕಣ್ಣನ ಮನೆಗೇ ಬಂದರು. ಅಕೌಂಟೆಂಟ್ ಬಾಗಿಲಲ್ಲೇ ಶುರುಮಾಡಿದ.

"ನೋಡಿ ಸಾರ್! ಕಾರ್ಖಾನೆ ಗಾಡಿ, ಕಾರ್ಖಾನೆ ಜನ, ಇವರ ಮನೆ ನಲ್ಲಿ ರಿಪೇರಿಗೆ! ವರ್ಷಗಟ್ಟಲೆಯಿಂದ ಸಿಸ್ಟಮ್ ಇದೆ ಅಂದ್ರಲ್ಲ, ಎಲ್ಲಿ ಸಾರ್? ಎಲ್ಲ ಮೊನ್ನೆ ಸೇರಿಸಿದ್ದು!"

ಪಕ್ಕಣ್ಣ ಎದೆಯುಬ್ಬಿಸಿದ. ಮುಳುಗುವ ದೋಣಿಯಲ್ಲೂ ಅವನ ದನಿ ಮಾತ್ರ ದಡದಲ್ಲೇ ನಿಂತಿರುತ್ತಿತ್ತು. "ಸಾರ್, ಹಳೇ ಸಿಸ್ಟಮ್ಮಿಂದ ಹೊಸದಕ್ಕೆ ವರ್ಗಾಯಿಸಿದ್ದು. 'ಎಷ್ಟು ವರ್ಷದಿಂದ' ಅಂತ ಬೇಕಾದ್ರೆ ಮನೆಯವರನ್ನೇ ಕೇಳಿ."

ಹೆಂಡತಿ ಸಾಕ್ಷಿ ಹೇಳಿಯಾಳೆಂದು ಅವನು ಎಣಿಸಿದ್ದ. ಸಾಹೇಬರು ತಿರುಗಿದ್ದು ಕಿಟಕಿಯ ಕಡೆಗೆ.

"ಹೇಳಿ ತಾಯಿ, ಎಷ್ಟು ವರ್ಷದಿಂದ ಇದೆ ಈ ವ್ಯವಸ್ಥೆ?"

"ವರ್ಷವಾ? ಮೊನ್ನೆಯಿಂದ" ಎಂದರು ಅತ್ತೆ. ಪಕ್ಕಣ್ಣ ಗೋಡೆ ಹಿಡಿದುಕೊಂಡ. "ಅದಕ್ಕೆ ಮುಂಚೆ ಈ ಮನೇಲಿ ಇದ್ದಿದ್ದು 'ನಾಳೆ ಪಕ್ಕಾ' ಅನ್ನೋ ವ್ಯವಸ್ಥೆ. ನಲ್ಲಿ ಸೋರೋದು, ಬಾಗಿಲಿಗೆ ಭುಜ ಕೊಡೋದು, ಫ್ಯಾನಿಗೆ ಪೊರಕೆ ಕೊಡೋದು. ಮಗಳು ಹೇಳಿ ಸೋತಳು, ನಾನು ಹೇಳಿ ಸೋತೆ. ಈ ಹೊಸದು ಬಂದಿದ್ದೇ ತಡ, ಒಂದೇ ದಿನಕ್ಕೆ ಎಲ್ಲ ನೆಟ್ಟಗಾಯ್ತು. ನನ್ನ ಮಂಡಿ ಸುದ್ದಿ ನಿಮ್ಮ ತನಕ ಬಂತು. ನನ್ನ ಅಳಿಯನ ಹತ್ತಿರ ಕೆಲಸ ಮಾಡಿಸೋ ಸಾಮಾನು ಇದೊಂದೇ ಸ್ವಾಮಿ ನಾನು ಕಂಡಿದ್ದು."

ದೊಡ್ಡ ಸಾಹೇಬರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ಅವರು ಕಣ್ಣೀರು ಬರುವಷ್ಟು ನಕ್ಕರು.

"ಇನ್ನೇನು ಪರೀಕ್ಷೆ ಬೇಕ್ರೀ? ಈ ಮನೇಲಿ ನಡೆದ ಸಿಸ್ಟಮ್ಮು ಎಲ್ಲಿ ಬೇಕಾದ್ರೂ ನಡೆಯುತ್ತೆ. ಮೇಡಮ್, ನಿಮ್ಮದೇ ತಗೊಳ್ತೀವಿ."

"ಮತ್ತೆ ಇವರು ಹೇಳಿದ ಸುಳ್ಳು ಸಾರ್?" ಎಂದ ಅಕೌಂಟೆಂಟ್.

"ಹೇಳಿದಾರೆ. ಫಿಟ್ಟರ್‌ಗಳು ಇಲ್ಲಿ ಕೆಲಸ ಮಾಡಿದ ಒಂದು ದಿನಾನ ಇವರ ರಜೆಯಲ್ಲಿ ಕಳೀರಿ. ಆದ್ರೆ ಸುಳ್ಳು ಹೇಳಿ, ಅದನ್ನ ನಿಜ ಮಾಡೋಕೆ ಇಷ್ಟು ಒದ್ದಾಡಿದವರನ್ನ ನಾನು ನೋಡಿಲ್ಲ. ನೀವೆಲ್ಲ ಹೇಳಿ ಸುಮ್ಮನಾಗ್ತೀರಿ." ಸಾಹೇಬರು ಪಕ್ಕಣ್ಣನ ಕಡೆ ತಿರುಗಿದರು. "ಕುರ್ಚಿ ನಿಮಗೆ ಕೊಡ್ತೀನಿ. ಒಂದೇ ಷರತ್ತು. ನಿಮ್ಮ ಹೆಸರಲ್ಲಿ ಒಂದೂ ಕೆಲಸ ಬಾಕಿ ಇರಬಾರದು. ತಿಂಗಳ ಕೊನೇ ತನಕ ಟೈಮು. ಆಗಲಿಲ್ಲ ಅಂದ್ರೆ ಇವರ ಭಾವಮೈದನನ್ನ ಕರೆಸ್ತೀನಿ."

"ಪಕ್ಕಾ ಸಾರ್!" ಎಂದ ಪಕ್ಕಣ್ಣ. ಅವನ ಪಟ್ಟಿಯಲ್ಲಿ ಬಾಕಿ ಉಳಿದಿದ್ದು ಒಂದೇ ಒಂದು. ಅದು ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಿತ್ತು.

ಮರುದಿನವೇ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಔಷಧಿ ಬಂತು, ಹಚ್ಚುವ ಎಣ್ಣೆ ಬಂತು, ಬೆಳಿಗ್ಗೆ ಮಾಡುವ ವ್ಯಾಯಾಮ ಬಂತು. ಪಕ್ಕಣ್ಣನೇ ಎಣ್ಣೆ ಬಿಸಿಮಾಡಿ ಕೊಟ್ಟ. ಕೆಲವೇ ದಿನದಲ್ಲಿ ಅತ್ತೆ ಮೆಟ್ಟಿಲು ಹತ್ತಿ ಓನರ ಮನೆಗೂ ಹೋಗಿ ಬರತೊಡಗಿದರು. ಮೇಸ್ತ್ರಿ ಬಂದು ಮಂಡಿಗೆ ಕಿವಿಯಿಟ್ಟು ಕೇಳಿ "ಶಬ್ದ ಹೋಗಿದೆ" ಎಂದು ಬರೆದ. ಇನ್ನುಳಿದದ್ದು ಅತ್ತೆ "ಸರಿಯಾಗಿದೆ" ಎಂದು ಒತ್ತುವುದು ಮಾತ್ರ.

ಅತ್ತೆ ಒತ್ತಲಿಲ್ಲ.

ಕಾರಣ ಇಷ್ಟೇ. ಆರ್ಡರ್ ಬಾಕಿ ಇರುವಷ್ಟು ದಿನವೂ ಬೆಳಿಗ್ಗೆ ದೊಡ್ಡ ಸಾಹೇಬರ ಫೋನ್ ಕೂಗುತ್ತಿತ್ತು, ಅವರು ಕೂಡಲೇ ಇಲ್ಲಿಗೆ ಫೋನ್ ಮಾಡಿ, "ಹೇಗಿದೆ ತಾಯಿ ಮಂಡಿ?" ಎಂದು ಕೇಳುತ್ತಿದ್ದರು. ಅತ್ತೆ ತಲೆ ಬಾಚಿಕೊಂಡು ಫೋನಿನ ಪಕ್ಕ ಕಾದು ಕೂರುತ್ತಿದ್ದರು. ಮಾತು ಮಂಡಿಯಿಂದ ಶುರುವಾಗಿ ಸಾಹೇಬರ ಮಕ್ಕಳ ಓದಿನ ತನಕ ಹೋಗುತ್ತಿತ್ತು. ಎದುರುಮನೆಯಾಕೆಗೆ "ತಡಿ, ಸಾಹೇಬ್ರ ಫೋನ್ ಬರೋ ಹೊತ್ತು" ಎನ್ನುವುದರಲ್ಲಿ ಇದ್ದ ಸುಖ ಯಾವ ಎಣ್ಣೆಯಲ್ಲೂ ಇರಲಿಲ್ಲ.

ತಿಂಗಳ ಕೊನೆಯ ದಿನ ಬಂತು. ಪಕ್ಕಣ್ಣ ಫೋನ್ ಹಿಡಿದು ಅತ್ತೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತ.

"ಅತ್ತೆ, ನಿಮಗೆ ಕೈ ಮುಗೀತೀನಿ. ಒಂದ್ಸಲ ಒತ್ತಿಬಿಡಿ. ನನ್ನ ಕುರ್ಚಿ ಇವತ್ತು ಸಂಜೆ ಹೋಗುತ್ತೆ."

"ಒತ್ತಿದ್ರೆ ಮುಗೀತಲ್ಲ ಅಳಿಯಂದ್ರೇ" ಎಂದರು ಅತ್ತೆ. ಈ ಸಲ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ನಾಳೆಯಿಂದ ಯಾರು ಕೇಳ್ತಾರೆ? ನೀವು ಕಾರ್ಖಾನೆಗೆ, ಇವಳು ಅಡುಗೆಮನೆಗೆ. ನಾನು ಇಲ್ಲಿ ಕಿಟಕಿಗೆ. ಶಬ್ದ ಮಾಡ್ತೀನಿ ಅಂತೀರಿ. ಮಾಡದಿದ್ರೆ ನಾನಿದೀನಿ ಅಂತ ನಿಮಗೆ ಗೊತ್ತಾಗೋದು ಹೇಗೆ?"

ಜೀವಮಾನದಲ್ಲಿ ಮೊದಲ ಸಲ ಪಕ್ಕಣ್ಣ 'ಪಕ್ಕಾ' ಎನ್ನದೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಆಮೇಲೆ ಮೆಲ್ಲಗೆ, "ನಾನು ಕೇಳ್ತೀನಿ ಅತ್ತೆ. ದಿನಾ" ಎಂದ.

"ನಿಮ್ಮ ಬಾಯಿಮಾತು ನನಗೆ ಗೊತ್ತು. ಅದರಲ್ಲಿ ಬರೀರಿ."

ಪಕ್ಕಣ್ಣ ಬರೆದ. ಕೆಲಸ: ಅತ್ತೆಯನ್ನು ವಿಚಾರಿಸುವುದು. ಎಷ್ಟು ಸಲ: ಪ್ರತಿದಿನ. ಜವಾಬ್ದಾರಿ: ಅಳಿಯ. ತಪ್ಪಿದರೆ: ದೊಡ್ಡ ಸಾಹೇಬರಿಗೆ. ಹೆಂಡತಿ ಬಗ್ಗಿ ನೋಡಿ, "ಇನ್ನೊಂದ್ಸಲ ಓದಿ" ಎಂದಳು. ಅವನು ಗಟ್ಟಿಯಾಗಿ ಓದಿದ. ಅತ್ತೆ ಕನ್ನಡಕ ಏರಿಸಿ ತಾವೂ ಒಂದು ಸಲ ಓದಿಕೊಂಡರು. ಆಮೇಲೆ ಬೆರಳು ಸೆರಗಿಗೆ ಒರೆಸಿಕೊಂಡು "ಸರಿಯಾಗಿದೆ" ಒತ್ತಿದರು.

ದುರಸ್ತಿ ವಿಭಾಗದ ಹೊಸ ಮ್ಯಾನೇಜರ್ ಮರುದಿನ ಹೊಸ ಅಂಗಿ ತೊಟ್ಟು, ಎಲ್ಲರ ಕಣ್ಣೆದುರು ಆ ಕುರ್ಚಿಯಲ್ಲಿ ಕೂತ. ಅಕೌಂಟೆಂಟ್ ಬಂದು ಕೈಕುಲುಕಿ, ಬೇಗ ಬಿಡಿಸಿಕೊಂಡ. ಮೇಸ್ತ್ರಿಯೂ ಫಿಟ್ಟರ್‌ಗಳೂ ಮೊದಲ ಹುಕುಂ ಏನು ಬರುತ್ತದೋ ಎಂದು ಸಾಲಾಗಿ ನಿಂತರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಕೂಗಿತು: ಅತ್ತೆಯನ್ನು ವಿಚಾರಿಸುವುದು. ಮ್ಯಾನೇಜರ್ ಎಲ್ಲರಿಗೂ ಸ್ವಲ್ಪ ತಡೆಯುವಂತೆ ಕೈ ತೋರಿಸಿ, ಮನೆಗೆ ಫೋನ್ ಹಚ್ಚಿದ.

"ಅತ್ತೆ, ಮಂಡಿ ಹೇಗಿದೆ?"

"ಮಂಡಿಗೇನು, ಗುಂಡುಕಲ್ಲಿನ ಹಾಗಿದೆ" ಎಂದರು ಅತ್ತೆ, ಇಡೀ ಕೋಣೆಗೆ ಕೇಳುವ ಹಾಗೆ. "ಬರ್ಕೊಳ್ಳಿ ಅಳಿಯಂದ್ರೇ, ಇವತ್ತಿಂದ ಸೊಂಟ."